ಸಂಚಾರಿ ಮನೆಯ ಜೋಡಿಗಾಜಿನ ಗವಾಕ್ಷ

ಕಿಟಕಿಗೆ ಸಂಸ್ಕೃತದಲ್ಲಿ ಎರಡು ಸೊಗಸಾದ ಹೆಸರುಗಳುಂಟು. ಒಂದು ಗವಾಕ್ಷ, ಎಂದರೆ ಗೋವಿನ ಕಣ್ಣು. ಇನ್ನೊಂದು ವಾತಾಯನ, ಎಂದರೆ ವಾಯುವಿನ ಮಾರ್ಗ. ಇಂಗ್ಲಿಷಿನ ವಿಂಡೋ ಎಂಬ ಶಬ್ದವು ಉತ್ತರ ಯೂರೋಪಿನ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು. ಅದರ ಅರ್ಥವೂ ಗಾಳಿಯ ಕಣ್ಣು ಎಂದೇ ಆಗುತ್ತದೆ. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಕಿಟಕಿಯನ್ನು ನೋಡಿದಾಗ ಒಂದೇ ಬಗೆಯಾಗಿ ಕಣ್ಣನ್ನೂ ಗಾಳಿಯನ್ನೂ ನೆನೆದರೆಂಬುದು ಸಂತೋಷದ ಸಂಗತಿ. ಕನ್ನಡದ ಬೆಳಕಿಂಡಿ ಎಂಬ ಮಾತಿನಲ್ಲಿ ಬೆಳಕೂ ಸೇರಿಕೊಂಡಿದೆ. ಹೀಗೆ ಬೆಳಕನ್ನು ತರುವುದು, ಗಾಳಿಯನ್ನು ಆಡಿಸುವುದು, ಈ ಎರಡು ಕಿಟಕಿಯ ಪ್ರಸಿದ್ಧವಾದ ಕೆಲಸಗಳು. ಹೆಸರಿನಲ್ಲಿ ಬಾರದ ಮೂರನೆಯ ಕೆಲಸವೊಂದುಂಟು. ಬಾಗಿಲು ಮುಚ್ಚಿಹೋದಾಗ ಪ್ರಾಣ ಉಳಿಸಿಕೊಳ್ಳುವ ದಾರಿಯಾಗುವುದೇ ಅದು. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಂಡು ವಾಚಕರು ಮುಂದಿನ ಮಾತುಗಳನ್ನು ಓದಬೇಕೆಂದು ಪ್ರಾರ್ಥನೆ.

ಪ್ರಕೃತ ವಿಷಯವು ಸಂಚಾರಿ ಮನೆಗಳ ಕಿಟಕಿ. ಮಲಗಲು ಮಂಚ, ಅಡಿಗೆಗೆ ಒಲೆ, ಕೈತೊಳೆಯಲು ತೊಟ್ಟಿ ಮುಂತಾದ ಅನುಕೂಲಗಳನ್ನು ಒಳಗೊಂಡು ಊರೂರು ತಿರುಗುವ ವಾಹನವನ್ನು ಕ್ಯಾರವಾನ್ ಎಂದು ಕರೆಯುವರು. ಇದರ ಕಲ್ಪನೆ ನಮಗೆ ಹೊಸದಲ್ಲ. ಬಿದಿರಿನ ದಬ್ಬೆಯನ್ನು ಬಗ್ಗಿಸಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸಿದ ಕಮಾನುಗಾಡಿಯಲ್ಲಿ ನಮ್ಮ ಹಿರಿಯರು ಜಾತ್ರೆಗೂ ತೀರ್ಥಯಾತ್ರೆಗೂ ಹೋಗುತ್ತಿದ್ದರು. ಬುತ್ತಿ, ಹಾಸಿಗೆ, ಮಕ್ಕಳು, ಮುದುಕರು ಎಲ್ಲರಿಗೂ ಅದರಲ್ಲಿ ಸ್ಥಳವಿತ್ತು. ಆ ಗಾಡಿಗೆ ಗಾಜಿರಲಿಲ್ಲ; ಮುಂದೂ ಹಿಂದೂ ತೆರೆದೇ ಇತ್ತು. ಈಗಿನ ಮನೆಬಂಡಿಯಾದರೋ ನಾಲ್ಕು ಕಡೆಯೂ ಮುಚ್ಚಿದ ಪೆಟ್ಟಿಗೆ. ಅದರ ಸುಖವೂ ಕಷ್ಟವೂ ಬಹುಮಟ್ಟಿಗೆ ಅದರ ಕಿಟಕಿಯನ್ನು ಅವಲಂಬಿಸಿವೆ.

ಯಲಹಂಕಕ್ಕೂ ಜಕ್ಕೂರಿಗೂ ನಡುವೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ನಮ್ಮ ಅಲ್ಲಾಳಸಂದ್ರದವರಿಗೆ ಇಂಥ ವಿಚಾರಗಳು ದೂರವೆನಿಸುವುದಿಲ್ಲ. ರೈಲಿನ ಗಾಲಿಗಳನ್ನು ಎರಕ ಹೊಯ್ಯುವ ಕಾರ್ಖಾನೆ ೧೯೮೪ರಿಂದ ಯಲಹಂಕದಲ್ಲಿದೆ. ಯಶವಂತಪುರದ ನಿಲ್ದಾಣದಿಂದ ೨೦೦೮ರಲ್ಲಿ ಗೋಲ್ಡನ್ ಚಾರಿಯಟ್ ಎಂಬ ವೈಭವದ ರೈಲು ಹೊರಟಿತು. ಕದಂಬ, ಗಂಗ, ಚಾಲುಕ್ಯ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರನ್ನು ಹೊತ್ತ ಅದರ ಡಬ್ಬಿಗಳು ನಿಜವಾಗಿಯೂ ಹಳಿಯ ಮೇಲೆ ಓಡುವ ಮನೆಗಳೇ ಸರಿ. ಅದೇ ಯಶವಂತಪುರದಿಂದ ಮಂಗಳೂರಿಗೆ ಹೋಗುವ ರೈಲಿಗೆ ೨೦೨೧ರ ಜುಲೈ ತಿಂಗಳಿನಲ್ಲಿ ವಿಸ್ಟಾಡೋಮ್ ಎಂಬ ವಿಶಾಲವಾದ ಗಾಜಿನ ಡಬ್ಬಿಗಳನ್ನು ಜೋಡಿಸಿದರು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಘಟ್ಟದ ಕಾಡು, ಕಣಿವೆ, ಝರಿಗಳನ್ನು ಕುಳಿತಲ್ಲಿಂದಲೇ ನೋಡುವ ಭಾಗ್ಯ ಇದರಿಂದ ಲಭಿಸಿತು. ನಮ್ಮ ದೇಶದ ಹವಾನಿಯಂತ್ರಿತ ರೈಲು ಡಬ್ಬಿಗಳಲ್ಲಿ ಕಿಟಕಿಗೆ ಒಂದರ ಹಿಂದೊಂದು ಎರಡು ಗಾಜುಗಳನ್ನಿಟ್ಟು ಅಂಚನ್ನು ಬಿಗಿಯಾಗಿ ಮುಚ್ಚಿರುತ್ತಾರೆ. ಹಾಗಾಗಿ ಜೋಡಿಗಾಜಿನ ಕಿಟಕಿಯನ್ನು ಹೆಸರಿನಿಂದ ಅರಿಯದವರೂ ಅದರ ಪಕ್ಕದಲ್ಲಿ ಒಂದು ರಾತ್ರಿಯಾದರೂ ತಲೆಯಾನಿಸಿ ನಿದ್ರಿಸಿರಬಹುದು.

ಜೋಡಿಗಾಜು ಹೊಸ ಉಪಾಯವೂ ಅಲ್ಲ. ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ ಎಂಬಾತನು ೧೮೬೫ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದನು. ಇದರ ತತ್ತ್ವವನ್ನು ನಮ್ಮ ಕುರುಬರ ಕಂಬಳಿಯಿಂದಲೇ ತಿಳಿಯಬಹುದು. ಕಂಬಳಿಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಎಳೆಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿಯು ಅಲುಗಾಡಲಾರದೆ ನಿಂತು, ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಗಾಜು ಗಾಳಿಗಿಂತ ಸುಮಾರು ನಲವತ್ತು ಪಾಲು ಹೆಚ್ಚಾಗಿ ಉಷ್ಣವನ್ನು ಸಾಗಿಸುವ ವಸ್ತು. ಆದುದರಿಂದ ಗಾಜನ್ನು ಎಷ್ಟು ದಪ್ಪ ಮಾಡಿದರೂ ಪ್ರಯೋಜನ ಸ್ವಲ್ಪವೇ. ಎರಡು ತೆಳುವಾದ ಗಾಜುಗಳ ನಡುವೆ ಗಾಳಿಯನ್ನು ಸೆರೆಯಿಟ್ಟರೆ ಪ್ರಯೋಜನ ಬಹಳ. ಆ ಸಂದು ತೀರ ಅಗಲವಾದರೆ ಒಳಗಿನ ಗಾಳಿ ಸುಳಿಯತೊಡಗಿ ಉಷ್ಣವನ್ನು ಹೊತ್ತು ಸಾಗಿಸುತ್ತದೆ. ಹನ್ನೆರಡರಿಂದ ಹದಿನಾರು ಮಿಲಿಮೀಟರ್ ಉತ್ತಮವೆಂದು ಬಲ್ಲವರ ಮತ.

ಇದನ್ನು ಲೆಕ್ಕದಿಂದ ನೋಡೋಣ. ಉಪಾಧ್ಯಾಯನ ಅಭ್ಯಾಸ ಬಿಡದು. ಒಳಗೂ ಹೊರಗೂ ಒಂದು ಡಿಗ್ರಿ ಸೆಲ್ಸಿಯಸ್ ಅಂತರವಿದ್ದಾಗ, ಒಂದು ಚದರ ಮೀಟರ್ ಒಂಟಿಗಾಜಿನ ಮೂಲಕ ಸುಮಾರು ೫.೮ ವಾಟ್ ಉಷ್ಣವು ಹಾಯುತ್ತದೆ. ಹನ್ನೆರಡು ಮಿಲಿಮೀಟರ್ ಸಂದಿರುವ ಸಾದಾ ಜೋಡಿಗಾಜಿನಲ್ಲಿ ಹಾಯುವುದು ಸುಮಾರು ೨.೮ ವಾಟ್, ಎಂದರೆ ಅರ್ಧಕ್ಕಿಂತ ಕಡಿಮೆ. ಈಗ ರಾಯಚೂರಿನ ಬೇಸಗೆಯನ್ನು ತೆಗೆದುಕೊಳ್ಳಿ. ಹೊರಗೆ ೪೦ ಡಿಗ್ರಿ, ಬಂಡಿಯ ಒಳಗೆ ಯಂತ್ರದಿಂದ ತಂಪು ಮಾಡಿದ ೨೫ ಡಿಗ್ರಿ. ಕಿಟಕಿಗಳೆಲ್ಲ ಸೇರಿ ಎರಡು ಚದರ ಮೀಟರ್. ಒಂಟಿಗಾಜಿನಿಂದ ಒಳಬರುವ ಉಷ್ಣ ೧೭೪ ವಾಟ್, ಜೋಡಿಗಾಜಿನಿಂದ ೮೪ ವಾಟ್. ಉಳಿತಾಯ ೯೦ ವಾಟ್.

ಇದು ಒಳ್ಳೆಯದೇ. ಆದರೆ ಬಿಸಿಲು ನೇರವಾಗಿ ಬಿದ್ದರೆ ಸಂಗತಿ ಬೇರೆಯಾಗುತ್ತದೆ. ಒಂದು ಚದರ ಮೀಟರ್ ಕಿಟಕಿಯ ಮೇಲೆ ೫೦೦ ವಾಟ್ ಬಿಸಿಲು ಬಿತ್ತೆನ್ನಿ. ಸಾದಾ ಒಂಟಿಗಾಜು ಸುಮಾರು ೪೩೦ ವಾಟನ್ನು ಒಳಗೆ ಬಿಡುತ್ತದೆ; ಸಾದಾ ಜೋಡಿಗಾಜೂ ೩೮೦ ವಾಟಿನಷ್ಟನ್ನು ಬಿಟ್ಟುಬಿಡುತ್ತದೆ. ಬಿಸಿಲಿನ ಕಿರಣಕ್ಕೆ ಗಾಜು ಒಂದಾದರೇನು, ಎರಡಾದರೇನು! ಒಳಬಂದ ಶಾಖಕ್ಕೆ ಮಾತ್ರ ಹೊರಗೆ ಹೋಗಲು ದಾರಿ ಕಡಿಮೆಯಾಗುತ್ತದೆ. ಈ ಕಾರಣದಿಂದ, ಬಿಸಿಲಿನಲ್ಲಿ ಯಂತ್ರ ನಿಲ್ಲಿಸಿ ಕಿಟಕಿ ಮುಚ್ಚಿ ನಿಲ್ಲಿಸಿದ ಬಂಡಿಯಲ್ಲಿ ಜೋಡಿಗಾಜು ಯಾರನ್ನೂ ಕಾಪಾಡಲಾರದು. ಮಕ್ಕಳನ್ನಾಗಲಿ ವೃದ್ಧರನ್ನಾಗಲಿ ಸಾಕಿದ ಪ್ರಾಣಿಯನ್ನಾಗಲಿ ಐದು ನಿಮಿಷದ ಮಟ್ಟಿಗೂ ಅಂಥ ಬಂಡಿಯಲ್ಲಿ ಬಿಟ್ಟು ಹೋಗಬಾರದು. ಬಿಸಿಲಿಗೆ ಸರಿಯಾದ ಮದ್ದು ನೆರಳು. ಮರದಡಿ ನಿಲ್ಲಿಸುವುದು, ಕಿಟಕಿಯ ಹೊರಬದಿಗೆ ಬಟ್ಟೆಯ ಮರೆಯನ್ನು ಇಳಿಬಿಡುವುದು, ಇವು ಮೊದಲು. ಗಾಜಿನ ಯೋಚನೆ ಆಮೇಲೆ. ಒಳಗಿನ ಪರದೆಗಿಂತ ಹೊರಗಿನ ಮರೆ ಮೇಲು, ಏಕೆಂದರೆ ಒಳಗಿನ ಪರದೆಯನ್ನು ಮುಟ್ಟುವ ಹೊತ್ತಿಗೆ ಬಿಸಿಲು ಗಾಜನ್ನು ದಾಟಿ ಬಂದಿರುತ್ತದೆ. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ ಅಜ್ಜನಿಗೆ ಈ ತತ್ತ್ವವು ತಿಳಿದೇ ಇತ್ತು. ಲೋಹದ ಅತಿ ತೆಳುವಾದ ಲೇಪವುಳ್ಳ ಗಾಜುಗಳೂ ಈಗ ದೊರೆಯುತ್ತವೆ. ಅವು ಉಷ್ಣಕಿರಣಗಳನ್ನು ಹಿಂದಿರುಗಿಸುತ್ತವೆ, ಆದರೆ ಬೆಲೆ ಹೆಚ್ಚು. ಗಾಜನ್ನು ಕಪ್ಪು ಮಾಡುವ ಆಸೆಯುಳ್ಳವರು ಒಂದು ನಿಯಮವನ್ನು ಅರಿತಿರಬೇಕು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ನೂರಕ್ಕೆ ೭೦ ಪಾಲು, ಪಕ್ಕದ ಗಾಜು ನೂರಕ್ಕೆ ೫೦ ಪಾಲು ಬೆಳಕನ್ನಾದರೂ ಬಿಡತಕ್ಕದ್ದು.

ಜೋಡಿಗಾಜಿನ ನಿಜವಾದ ಉಪಕಾರ ಕಾಣುವುದು ಚಳಿಯ ನಾಡಿನಲ್ಲಿ. ಮುಚ್ಚಿದ ಬಂಡಿಯಲ್ಲಿ ನಾಲ್ವರು ಮಲಗಿದರೆ ಪ್ರತಿಯೊಬ್ಬರ ಉಸಿರಿನಿಂದಲೂ ಬೆವರಿನಿಂದಲೂ ರಾತ್ರಿಗೆ ಸುಮಾರು ಒಂದು ಲೋಟ ನೀರು ಆವಿಯಾಗಿ ಗಾಳಿಯನ್ನು ಸೇರುತ್ತದೆ. ಆ ಆವಿಯು ತಣ್ಣನೆಯ ಗಾಜನ್ನು ಕಂಡೊಡನೆ ಹನಿಯಾಗುತ್ತದೆ. ಮಡಿಕೇರಿಯಲ್ಲಿ ಪುಷ್ಯ ಮಾಸದ ಒಂದು ರಾತ್ರಿ ಹೊರಗೆ ೧೦ ಡಿಗ್ರಿ, ಒಳಗೆ ೨೨ ಡಿಗ್ರಿ, ಒಳಗಿನ ತೇವ ನೂರಕ್ಕೆ ೬೦ ಎಂದಿಟ್ಟುಕೊಳ್ಳಿ. ಅಂಥ ಗಾಳಿ ಸುಮಾರು ೧೪ ಡಿಗ್ರಿಗೆ ತಣಿದರೆ ಇಬ್ಬನಿ ಇಳಿಯುತ್ತದೆ. ಒಂಟಿಗಾಜಿನ ಒಳಮೈ ಸುಮಾರು ೧೩ ಡಿಗ್ರಿಗೆ ಇಳಿದಿರುತ್ತದೆ. ಬೆಳಗಾಗುವಷ್ಟರಲ್ಲಿ ನೀರು ಜಿನುಗಿ ಹಾಸಿಗೆಯ ಅಂಚು ನೆನೆದು, ಮೂಲೆಯ ಮರದಲ್ಲಿ ಬೂಷ್ಟು ಹಿಡಿಯಲು ಮೊದಲಾಗುತ್ತದೆ. ಜೋಡಿಗಾಜಿನ ಒಳಮೈ ಅದೇ ರಾತ್ರಿ ೧೮ ಡಿಗ್ರಿಗೆ ಸಮೀಪವಾಗಿ ಒಣಗಿಯೇ ಇರುತ್ತದೆ. ಉಬ್ಬಸದವರೂ ಎಳೆಯ ಮಕ್ಕಳೂ ಇರುವ ಸಂಸಾರಕ್ಕೆ ಇದು ಸಣ್ಣ ಲಾಭವಲ್ಲ.

ಇನ್ನು ಕಿಟಕಿಯನ್ನು ಯಾವ ವಸ್ತುವಿನಿಂದ ಮಾಡಬೇಕೆಂಬ ಪ್ರಶ್ನೆ. ಅಮೆರಿಕದ ಮನೆಬಂಡಿಗಳಲ್ಲಿ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂಡಿಸಿದ ಗಾಜು ಹೆಚ್ಚು. ಯೂರೋಪಿನವುಗಳಲ್ಲಿ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಹಾಳೆಗಳ ಕಿಟಕಿ ಹೆಚ್ಚು. ನಾಲ್ಕು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ೧೦ ಕಿಲೋಗ್ರಾಂ ತೂಗುತ್ತದೆ, ಜೋಡಿಯಾದರೆ ೨೦. ಮೂರು ಮಿಲಿಮೀಟರಿನ ಎರಡು ಅಕ್ರಿಲಿಕ್ ಹಾಳೆಗಳು ಸೇರಿ ಸುಮಾರು ೭ ಕಿಲೋಗ್ರಾಂ ಮಾತ್ರ. ಇಂಥ ಕಿಟಕಿಗಳಲ್ಲಿ ಬಹುಪಾಲು ಮೇಲಂಚಿನ ತಿರುಗಣೆಯಿಂದ ಹೊರಗೆ ಎತ್ತಿ ತೆರೆಯುವಂಥವು. ಮಳೆ ಬರುತ್ತಿದ್ದರೂ ಅದರ ಕೆಳಗೆ ಗಾಳಿಯಾಡುತ್ತದೆ. ಮಲೆನಾಡಿನ ಮನೆಯ ಸೂರಿನ ಹಾಗೆ. ದೋಷಗಳೂ ಇಲ್ಲದಿಲ್ಲ. ಅಕ್ರಿಲಿಕ್ ಬೇಗ ಗೀರುಬೀಳುತ್ತದೆ. ಮದ್ಯಸಾರವಾಗಲಿ ಅಮೋನಿಯವಾಗಲಿ ಸೇರಿದ ದ್ರವದಿಂದ ಒರೆಸಿದರೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಬೆಂಕಿ ತಗುಲಿದರೆ ಉರಿಯುತ್ತದೆ. ಗೃಹಿಣಿಯರು ಅದನ್ನು ತೊಳೆಯುವಾಗ ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಕಳೆದು, ಬಳಿಕ ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಒಣಬಟ್ಟೆಯಿಂದ ಉಜ್ಜಬಾರದು.

ಮುಚ್ಚಿದ ಜೋಡಿಗಾಜಿಗೆ ಘಟ್ಟ ಹತ್ತುವ ನಮ್ಮ ನಾಡಿನಲ್ಲಿ ಒಂದು ವಿಶೇಷ ಪರೀಕ್ಷೆಯುಂಟು. ಸಮುದ್ರತೀರದ ಊರಿನಲ್ಲಿ ಅಂಚು ಮುಚ್ಚಿದಾಗ ಒಳಗೆ ಸೆರೆಸಿಕ್ಕಿದ ಗಾಳಿಗೆ ಆ ತೀರದ ಒತ್ತಡವೇ ಇರುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೨೦ ಮೀಟರ್ ಎತ್ತರ. ಇಲ್ಲಿ ಹೊರಗಿನ ವಾಯುವಿನ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. ಉದಕಮಂಡಲವು ೨,೨೦೦ ಮೀಟರಿಗಿಂತ ಎತ್ತರ. ಅಲ್ಲಿ ಸುಮಾರು ಕಾಲು ಪಾಲೇ ಕಡಿಮೆ. ಎತ್ತರಕ್ಕೆ ಏರಿದಂತೆ ಒಳಗಿನ ಗಾಳಿಯು ಹಿಗ್ಗಿ ಎರಡು ಗಾಜುಗಳನ್ನೂ ಹೊರಕ್ಕೆ ಉಬ್ಬಿಸುತ್ತದೆ. ಇಳಿದಾಗ ಅವು ಹಿಂದಿರುಗುತ್ತವೆ. ವಾರವಾರವೂ ಘಟ್ಟ ಹತ್ತಿ ಇಳಿಯುವ ಬಂಡಿಯಲ್ಲಿ ಈ ಉಬ್ಬುತಗ್ಗಿನಿಂದಲೂ ರಸ್ತೆಯ ಕುಲುಕಾಟದಿಂದಲೂ ಅಂಚಿನ ಬಂಧ ಸಡಿಲವಾಗುವುದುಂಟು. ಎತ್ತರದ ಊರುಗಳಿಗೆಂದು ಕಳುಹಿಸುವ ಗಾಜಿನಲ್ಲಿ ಒತ್ತಡವು ಸಮನಾಗಲು ಕೂದಲಿನಂಥ ಸಣ್ಣ ಲೋಹದ ಕೊಳವೆಯನ್ನಿಡುವ ಪದ್ಧತಿಯುಂಟು. ಕೊಳ್ಳುವವರು ಈ ಗಾಜನ್ನು ಎಲ್ಲಿ ಮುಚ್ಚಿದರು, ಎಷ್ಟು ಎತ್ತರಕ್ಕೆ ತಾಳುವುದು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಬಂಧ ಸಡಿಲವಾಯಿತೆಂಬುದನ್ನು ಕಂಡುಹಿಡಿಯುವುದು ಸುಲಭ. ಎರಡು ಗಾಜುಗಳ ನಡುವಣ ಅಂಚುಪಟ್ಟಿಯಲ್ಲಿ ತೇವವನ್ನು ಹೀರುವ ಸಣ್ಣ ಹರಳುಗಳನ್ನು ತುಂಬಿರುತ್ತಾರೆ. ಹೊರಗಿನ ಗಾಳಿ ನುಗ್ಗತೊಡಗಿದರೆ ಅವು ತೇವವನ್ನು ಕುಡಿದು ಸಾಕಾಗಿ ಸುಮ್ಮನಾಗುತ್ತವೆ. ಕಿಟಕಿ ಮಂಜಾದಾಗ ಒಳಮೈಯನ್ನು ಒರೆಸಿರಿ, ಹೊರಮೈಯನ್ನು ಒರೆಸಿರಿ. ಆಗಲೂ ಮಂಜು ಹೋಗದಿದ್ದರೆ ಅದು ನಡುವೆ ಇದೆಯೆಂದೇ ಅರ್ಥ. ಅಂಥ ಗಾಜನ್ನು ಬದಲಾಯಿಸಬೇಕಲ್ಲದೆ ಹೊರಗಿನಿಂದ ಅಂಟು ಬಳಿದು ಫಲವಿಲ್ಲ. ಅಕ್ರಿಲಿಕ್ ಕಿಟಕಿಗಳಲ್ಲಿ ಕೆಲವಕ್ಕೆ ಸಣ್ಣ ಬಿರಡೆಗಳಿರುತ್ತವೆ. ಒಣಹವೆಯ ದಿನ ಅವನ್ನು ತೆಗೆದಿಟ್ಟರೆ ತೇವ ಆರಿಹೋಗುತ್ತದೆ.

ಸದ್ದಿನ ವಿಚಾರವಾಗಿಯೂ ಒಂದು ಮಾತು. ೧೯೯೬ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆದುಬಂದಿರುವ ವಿಮಾನಪ್ರದರ್ಶನದ ದಿನಗಳಲ್ಲಿ ನಮ್ಮ ಊರಿನ ಕಿಟಕಿಗಳು ಗುಡುಗಿಗೆ ನಡುಗುವಂತೆ ನಡುಗುತ್ತವೆ. ಎರಡು ಗಾಜು ಹಾಕಿಸಿದರೆ ಸದ್ದೆಲ್ಲ ಅಡಗುವುದೆಂದು ಹಲವರು ನಂಬಿದ್ದಾರೆ. ಕೀಚಲು ಸದ್ದು ತಗ್ಗುವುದು ನಿಜ. ಲಾರಿಯ, ವಿಮಾನದ ಮಂದ್ರಸ್ವರವಾದರೋ ಕಿರಿದಾದ ಸಂದುಳ್ಳ ತೆಳುಗಾಜುಗಳನ್ನು ಸುಲಭವಾಗಿ ದಾಟಿ ಬರುತ್ತದೆ. ಅದಕ್ಕೆ ದಪ್ಪವಾದ, ನಡುವೆ ಪ್ಲಾಸ್ಟಿಕ್ ಪೊರೆಯುಳ್ಳ ಗಾಜೇ ಮೇಲು. ಅದರ ಭಾರವನ್ನು ಮನೆಯ ಗೋಡೆ ಹೊತ್ತೀತು, ಬಂಡಿಯ ಗೋಡೆಗೆ ಕಷ್ಟ.

ಇಷ್ಟರವರೆಗೆ ಸುಖದ ಮಾತಾಯಿತು. ಇನ್ನು ಪ್ರಾಣದ ಮಾತು. ಚಳಿಗೆ ಹೆದರಿ, ಧೂಳಿಗೆ ಹೆದರಿ, ಸದ್ದಿಗೆ ಹೆದರಿ ಕಿಟಕಿಯನ್ನು ಎಷ್ಟು ಬಿಗಿ ಮಾಡುತ್ತೇವೆಯೋ ಅಷ್ಟಷ್ಟೂ ವಾತಾಯನವೆಂಬ ಹೆಸರನ್ನು ಅದು ಕಳೆದುಕೊಳ್ಳುತ್ತದೆ. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಗರೆಯಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಒಂದು ಕ್ಯಾರವಾನಿನೊಳಗೆ ಇಬ್ಬರು ಮೃತರಾಗಿ ದೊರೆತರು. ವಿದ್ಯುತ್ತಿಗಾಗಿ ಓಡಿಸಿದ ಜನರೇಟರಿನ ಇಂಗಾಲದ ಮಾನಾಕ್ಸೈಡ್ ಅನಿಲವು ಒಳಗೆ ಸೇರಿದ್ದೇ ಕಾರಣವೆಂದು ಪರಿಶೀಲಿಸಿದ ತಜ್ಞರು ಕಂಡರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸದು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕಣಗಳಿಗೆ ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಿದ್ರಿಸುವವನು ಎಚ್ಚರಗೊಳ್ಳದೆಯೇ ಹೋಗಿಬಿಡುತ್ತಾನೆ. ಆದುದರಿಂದ ಬಂಡಿಯೊಳಗೆ ಇದ್ದಲಿನ ಅಗ್ಗಿಷ್ಟಿಕೆಯನ್ನು ಎಂದೂ ಇಡಬಾರದು. ಗ್ಯಾಸಿನ ಒಲೆಯನ್ನು ಮೈ ಕಾಯಿಸಲು ಹಚ್ಚಬಾರದು. ಜನರೇಟರ್ ಓಡುತ್ತಿರುವಾಗ ಒಳಗೆ ಮಲಗಬಾರದು. ಮಾಡಿನಲ್ಲಿ ಒಂದು, ನೆಲದ ಮಟ್ಟದಲ್ಲಿ ಒಂದು, ಹೀಗೆ ಎಂದೂ ಮುಚ್ಚದ ಗಾಳಿಕಿಂಡಿಗಳು ಇರತಕ್ಕದ್ದು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಕೆಳಗಿನ ಕಿಂಡಿ ಅದಕ್ಕಾಗಿ. ಮಾನಾಕ್ಸೈಡನ್ನು ಕಂಡರೆ ಕೂಗುವ ಸಣ್ಣ ಯಂತ್ರವೊಂದು ಅಂಗಡಿಗಳಲ್ಲಿ ದೊರೆಯುತ್ತದೆ. ಜೋಡಿಗಾಜಿಗೆ ಹಣವುಳ್ಳವರು ಅದಕ್ಕೆ ಹಣವಿಲ್ಲವೆನ್ನಬಾರದು.

ಎರಡನೆಯ ಭಯ ಬೆಂಕಿಯದು. ನಮ್ಮೂರ ಪಕ್ಕದ ಈ ಬಳ್ಳಾರಿ ರಸ್ತೆಯೇ ಮುಂದುವರಿದು ಹೈದರಾಬಾದಿಗೆ ಹೋಗುತ್ತದೆ. ೨೦೧೩ರ ಅಕ್ಟೋಬರ್ ೩೦ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಹವಾನಿಯಂತ್ರಿತ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಎಂಬಲ್ಲಿ ಸೇತುವೆಯ ಕಟ್ಟೆಗೆ ತಗುಲಿ ಹೊತ್ತಿಕೊಂಡಿತು. ೪೫ ಮಂದಿ ಮಡಿದರು. ಅದಾಗಿ ಹದಿನೈದೇ ದಿನಕ್ಕೆ, ನವೆಂಬರ್ ೧೪ರಂದು, ಬೆಂಗಳೂರಿನಿಂದ ಮುಂಬಯಿಗೆ ಹೊರಟ ಬಸ್ಸು ಹಾವೇರಿಯ ಬಳಿ ಉರಿದು ಏಳು ಮಂದಿ ಹೋದರು. ೨೦೨೫ರ ಅಕ್ಟೋಬರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಹಾಗೆಯೇ ಉರಿದು ಹಲವರನ್ನು ಬಲಿತೆಗೆದುಕೊಂಡಿತು. ದೀಪಾವಳಿಯ ಆಸುಪಾಸಿನಲ್ಲಿ ಮಕ್ಕಳು ಬರುವರೆಂದು ಕಾದಿದ್ದ ಮನೆಗಳು ಎಷ್ಟೋ! ಇಂಥ ಸಮಯದಲ್ಲಿ ಬಾಗಿಲಿನ ದಾರಿ ಬೆಂಕಿಗೆ ಸಿಕ್ಕಿದರೆ ಉಳಿಯುವುದು ಕಿಟಕಿಯೊಂದೇ. ಅದು ತೆರೆಯದ ಕಿಟಕಿಯಾದರೆ ಒಡೆಯಬೇಕು.

ಒಡೆಯುವುದಕ್ಕೂ ತಿಳಿವಳಿಕೆ ಬೇಕು. ಕಾಯಿಸಿ ಗಡುಸು ಮಾಡಿದ ಗಾಜಿನ ನಡುವೆ ಗುದ್ದಿದರೆ ಅದು ಸುಲಭವಾಗಿ ಒಡೆಯದು. ಮೂಲೆಯ ಬಳಿ ಮೊನಚಾದ ಸುತ್ತಿಗೆಯಿಂದ ಹೊಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಜೋಡಿಗಾಜಾದರೆ ಒಂದನ್ನು ಪುಡಿಮಾಡಿದ ಮೇಲೆ ಎರಡನೆಯದೂ ಉಂಟೆಂಬುದನ್ನು ನೆನಪಿಟ್ಟು ಮತ್ತೆ ಹೊಡೆಯಬೇಕು. ನಡುವೆ ಪೊರೆಯುಳ್ಳ ಗಾಜು ಬಿರುಕುಬಿಟ್ಟರೂ ಉದುರುವುದಿಲ್ಲ. ಅಂಥದರಿಂದ ಹೊರಬೀಳುವ ಆಸೆಯನ್ನಿಟ್ಟುಕೊಳ್ಳಬಾರದು. ಹೀಗಿರುವಲ್ಲಿ ಮಲಗುವ ಸ್ಥಳದ ಪಕ್ಕಕ್ಕೆ ಒಳಗಿನಿಂದ ಪೂರ್ತಿಯಾಗಿ ತೆರೆಯುವ, ದೊಡ್ಡವರೊಬ್ಬರು ಹಾಯಬಹುದಾದಷ್ಟು ಅಗಲದ ಕಿಟಕಿಯೊಂದು ಇದ್ದೇ ತೀರಬೇಕು. ಚಿಲಕವನ್ನು ಕತ್ತಲಲ್ಲಿಯೂ ತಡವಿ ತೆಗೆಯಲು ಮನೆಯ ಎಲ್ಲರಿಗೂ, ಹತ್ತು ವರ್ಷದ ಮಗುವಿಗೂ, ಬರಬೇಕು. ಪ್ರಯಾಣಕ್ಕೆ ಹೊರಡುವ ಮುನ್ನ ಮನೆಯಂಗಳದಲ್ಲಿ ಒಮ್ಮೆ ಎಲ್ಲರಿಂದಲೂ ಇದನ್ನು ಮಾಡಿಸಿ ನೋಡುವುದು ವಿವೇಕ.

ನಮ್ಮ ಬೀದಿಯ ಸಂಸಾರವೊಂದು ಟೆಂಪೋ ಟ್ರಾವೆಲರ್ ಒಂದನ್ನು ಮನೆಬಂಡಿಯಾಗಿ ಮಾಡಿಸಿ, ಎಂಬತ್ತು ಸಮೀಪಿಸಿದ ಅಜ್ಜಿಗೆ ಧರ್ಮಸ್ಥಳ, ಕುಕ್ಕೆ, ಹೊರನಾಡುಗಳ ದರ್ಶನ ಮಾಡಿಸಬೇಕೆಂದಿದೆ. “ಮೇಷ್ಟ್ರೇ, ಜೋಡಿಗಾಜು ಹಾಕಿಸೋಣವೇ?” ಎಂದು ಕೇಳಿದರು. ನಾವು ಹೇಳಿದ್ದಿಷ್ಟು. ಮೊದಲು ನೋಂದಣಿಯ ಅಧಿಕಾರಿಗಳ ಅನುಮತಿ, ಏಕೆಂದರೆ ನೋಂದಣಿಯ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆ ಒಪ್ಪುವುದಿಲ್ಲ. ಬಳಿಕ ಗಾಳಿಕಿಂಡಿ, ಹೊರಬೀಳುವ ಕಿಟಕಿ, ಎಚ್ಚರಿಕೆಯ ಯಂತ್ರ. ಆಮೇಲೆ ಬಿಸಿಲಿನ ಮರೆ, ಸೊಳ್ಳೆಯ ಜಾಲರಿ. ಇಷ್ಟಾದ ಮೇಲೆ ಹಣ ಮಿಕ್ಕಿದರೆ, ಅಜ್ಜಿ ಮಲಗುವ ಪಕ್ಕದ ಕಿಟಕಿಗೆ ಮಾತ್ರ ತೆರೆಯುವಂಥ ಜೋಡಿಹಾಳೆ ಹಾಕಿಸಿದರೆ ಸಾಕು. ವರ್ಷವೆಲ್ಲ ಯಂತ್ರದ ತಂಪಿನಲ್ಲಿ ತಿರುಗುವವರಿಗೂ ಹಿಮದ ನಾಡಿಗೆ ಹೋಗುವವರಿಗೂ ಎಲ್ಲ ಕಿಟಕಿಗಳೂ ಜೋಡಿಯಾಗಿರಬೇಕಾದದ್ದು ನ್ಯಾಯ. ಬೆಂಗಳೂರಿನ ಹದವಾದ ಹವೆಯಲ್ಲಿ ರಾತ್ರಿ ಕಿಟಕಿ ತೆರೆದು ಮಲಗುವವರಿಗೆ ಅದರಿಂದ ದೊರೆಯುವುದು ಅಲ್ಪ, ಏಕೆಂದರೆ ತೆರೆದ ಕಿಟಕಿಯಲ್ಲಿ ಗಾಜು ಒಂದಿದ್ದರೂ ಎರಡಿದ್ದರೂ ಒಂದೇ.

ಗೃಹಸ್ಥನಾದವನು ಮನೆ ಕಟ್ಟಲಿ, ಬಂಡಿ ಕಟ್ಟಲಿ, ಕಿಟಕಿಯನ್ನು ಕೂಡಿಸುವಾಗ ಅದರ ಹಳೆಯ ಹೆಸರುಗಳನ್ನು ಒಮ್ಮೆ ಸ್ಮರಿಸಿಕೊಳ್ಳುವುದು ಲೇಸು. ಕಣ್ಣು ಸ್ವಚ್ಛವಾಗಿರಲಿ, ಗಾಳಿಗೆ ದಾರಿಯಿರಲಿ, ಆಪತ್ತಿನಲ್ಲಿ ಅದು ತೆರೆಯಲಿ. ಈ ಮೂರೂ ಸರಿಯಾಗಿದ್ದ ಮೇಲೆ ಗಾಜು ಒಂದೋ ಎರಡೋ ಎಂಬುದನ್ನು ಅವರವರ ಹಣದ ಚೀಲವೂ ಹೋಗುವ ಊರಿನ ಹವೆಯೂ ನಿಶ್ಚಯಿಸಲಿ. ಯಾತ್ರೆಗೆ ಹೊರಟವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಲಿ.